ಟಿವಿಗೆ ಸರೌಂಡ್ ಸೌಂಡ್: ಕಡಿಮೆ ಹಣದಲ್ಲಿ ಆರಿಸುವುದು ಹೇಗೆ?

ಹಿಂದೆ ನಮ್ಮೆಲ್ಲರ ಮನೆಗಳಲ್ಲಿ ಡಬ್ಬಿಯಂಥ ದಪ್ಪ ಟಿವಿ ಇರುತ್ತಿತ್ತು. ಅದರ ಹೊಟ್ಟೆಯಲ್ಲಿ ಜಾಗವಿತ್ತು. ಹಾಗಾಗಿ ಸ್ವಲ್ಪ ದೊಡ್ಡ ಸ್ಪೀಕರನ್ನು ನೋಡುವವರ ಕಡೆಗೆ ಮುಖ ಮಾಡಿ ಕೂರಿಸುತ್ತಿದ್ದರು. ಈಗ ಟಿವಿ ಗೋಡೆಗೆ ಅಂಟಿಕೊಂಡಷ್ಟು ತೆಳ್ಳಗಾಗಿದೆ. ಚಿತ್ರ 32 ಇಂಚು, 43 ಇಂಚು, 55 ಇಂಚು ಎಂದು ಬೆಳೆಯುತ್ತಲೇ ಇದೆ. ಸ್ಪೀಕರ್ ಮಾತ್ರ ಅಂಗೈ ಅಗಲಕ್ಕೆ ಇಳಿದಿದೆ. ಅದನ್ನೂ ಟಿವಿಯ ಕೆಳಗೋ ಹಿಂದೆಯೋ ಇಡುತ್ತಾರೆ. ಶಬ್ದ ಮೊದಲು ಗೋಡೆಗೆ ಬಡಿದು, ಆಮೇಲೆ ನಮ್ಮ ಕಿವಿಗೆ ಬರುತ್ತದೆ. ಬಹಳಷ್ಟು ಟಿವಿಗಳಲ್ಲಿ ಎರಡೂ ಸ್ಪೀಕರ್ ಸೇರಿ 20 ವ್ಯಾಟ್ ಅಷ್ಟೇ.

ಹೀಗಾಗಿ ಹೊಸ ಟಿವಿ ಬಂದ ಮನೆಯಲ್ಲಿ ಕೆಲವೇ ತಿಂಗಳಲ್ಲಿ ಎರಡನೇ ಮಾತು ಶುರುವಾಗುತ್ತದೆ: "ಇದಕ್ಕೊಂದು ಹೋಮ್ ಥಿಯೇಟರ್ ಹಾಕಿಸಬೇಕು." ಬೈರಮಂಗಲ, ಬಿಡದಿ, ರಾಮನಗರ ಕಡೆಯ ಮನೆಗಳಲ್ಲಿ ಇದಕ್ಕೆ ತೆಗೆದಿಡುವ ಹತ್ತು ಹದಿನೈದು ಸಾವಿರ ಚಿಕ್ಕ ಹಣವಲ್ಲ. ಕೆಲವರಿಗೆ ಅದು ಒಂದು ತಿಂಗಳ ಸಂಬಳ, ಇನ್ನು ಕೆಲವರಿಗೆ ವರ್ಷವಿಡೀ ಕೂಡಿಟ್ಟ ಚೀಟಿ ಹಣ. ನಮ್ಮ ಮನೆಯಲ್ಲೂ ಈ ಮಾತು ಬಂದಿತ್ತು. ಕಾಮರ್ಸ್ ಓದುತ್ತಿರುವುದರಿಂದ ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಆಗ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸರೌಂಡ್ ಎಂದರೆ ಏನು?

ನಮಗೆ ಎರಡು ಕಿವಿಗಳಿವೆ. ಬಲಗಡೆಯಿಂದ ಬಸ್ ಬಂದರೆ ಅದರ ಶಬ್ದ ಬಲಗಿವಿಗೆ ಸ್ವಲ್ಪ ಮೊದಲು, ಸ್ವಲ್ಪ ಜೋರಾಗಿ ತಲುಪುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎರಡು ಕಿವಿಗಳ ನಡುವಿನ ವ್ಯತ್ಯಾಸ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಲ್ಲೇ ನಮ್ಮ ಮೆದುಳು ಬಸ್ ಯಾವ ಕಡೆ ಇದೆ ಎಂದು ಹೇಳಿಬಿಡುತ್ತದೆ. ಸರೌಂಡ್ ಸೌಂಡ್ ಇದೇ ಗುಣವನ್ನು ಬಳಸಿಕೊಳ್ಳುತ್ತದೆ. ಬೇರೆ ಬೇರೆ ಕಡೆ ಇಟ್ಟ ಸ್ಪೀಕರ್‌ಗಳಿಗೆ ಬೇರೆ ಬೇರೆ ಶಬ್ದ ಕಳಿಸಿ, ನಾವು ಆ ಜಾಗದ ನಡುವೆಯೇ ಇದ್ದೇವೆ ಎನ್ನಿಸುತ್ತದೆ.

ಈ ಯೋಚನೆ ಹಳೆಯದು. ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್‌ಲೈನ್ 1931ರಲ್ಲೇ ಸ್ಟೀರಿಯೊ ಪದ್ಧತಿಗೆ ಪೇಟೆಂಟ್ ಅರ್ಜಿ ಹಾಕಿದ್ದರು. 1940ರಲ್ಲಿ ಬಂದ ಡಿಸ್ನಿಯ 'ಫ್ಯಾಂಟೇಸಿಯಾ' ಚಿತ್ರಕ್ಕಾಗಿ ಕೆಲವು ಥಿಯೇಟರ್‌ಗಳಲ್ಲಿ ಹಲವು ಕಡೆ ಸ್ಪೀಕರ್ ಅಳವಡಿಸಿದ್ದರು. ನಾವು ಈಗ 5.1 ಎಂದು ಕರೆಯುವ ಡಾಲ್ಬಿ ಡಿಜಿಟಲ್ ಥಿಯೇಟರ್‌ಗೆ ಬಂದದ್ದು 1992ರಲ್ಲಿ. ತಲೆಯ ಮೇಲಿನಿಂದಲೂ ಶಬ್ದ ಕೇಳಿಸುವ ಡಾಲ್ಬಿ ಅಟ್ಮಾಸ್ ಬಂದದ್ದು 2012ರಲ್ಲಿ.

ನಮ್ಮ ಊರಿನ ಕಡೆಗೂ ಈ ಕಥೆಯಲ್ಲಿ ಒಂದು ಪಾಲಿದೆ. 15 ಆಗಸ್ಟ್ 1975ರಂದು ಬಿಡುಗಡೆಯಾದ 'ಶೋಲೆ' ಚಿತ್ರದ ಬಹುಪಾಲು ಶೂಟಿಂಗ್ ನಡೆದದ್ದು ರಾಮನಗರದ ಬೆಟ್ಟಗಳಲ್ಲಿ. ಅದನ್ನು 70 ಎಂಎಂ ಪರದೆಗೆ, ಸ್ಟೀರಿಯೊಫೋನಿಕ್ ಶಬ್ದದೊಂದಿಗೆ ತಯಾರಿಸಿದ್ದರು. ನಾಣ್ಯ ಚಿಮ್ಮುವ ದೃಶ್ಯದಲ್ಲಿ ನಾಣ್ಯ ಬಿದ್ದ ಸದ್ದು ಕೇಳಿ, ಥಿಯೇಟರ್‌ನಲ್ಲಿ ಕೂತವರು ತಮ್ಮ ಸೀಟಿನ ಕೆಳಗೆ ಬಗ್ಗಿ ನೋಡುತ್ತಿದ್ದರಂತೆ. ನಮ್ಮ ಬಂಡೆಗಳ ನಡುವೆ ತೆಗೆದ ಚಿತ್ರ ಐವತ್ತು ವರ್ಷದ ಹಿಂದೆ ಜನರಿಗೆ ತೋರಿಸಿದ್ದು ಇದನ್ನೇ: ಶಬ್ದಕ್ಕೆ ಒಂದು ಜಾಗ ಇರುತ್ತದೆ.

2.0, 2.1, 5.1 — ಈ ಅಂಕಿಗಳ ಅರ್ಥ

ಚುಕ್ಕೆಯ ಮೊದಲಿನ ಅಂಕಿ ಮಾಮೂಲಿ ಸ್ಪೀಕರ್ ಚಾನೆಲ್‌ಗಳ ಸಂಖ್ಯೆ. ಚುಕ್ಕೆಯ ನಂತರದ್ದು ಸಬ್‌ವೂಫರ್, ಅಂದರೆ ದಪ್ಪ ಶಬ್ದಕ್ಕೆ ಮೀಸಲಾದ ಡಬ್ಬಿ. ಮೂರನೇ ಅಂಕಿ ಇದ್ದರೆ (5.1.2 ಎನ್ನುವ ಹಾಗೆ) ಅದು ಮೇಲಿನಿಂದ ಶಬ್ದ ಕೊಡುವ ಚಾನೆಲ್‌ಗಳ ಸಂಖ್ಯೆ.

2.0 ಎಂದರೆ ಎಡ ಮತ್ತು ಬಲ ಮಾತ್ರ. 2.1 ಎಂದರೆ ಎಡ, ಬಲ ಮತ್ತು ಸಬ್‌ವೂಫರ್. 3.1ರಲ್ಲಿ ನಡುವೆ ಇನ್ನೊಂದು ಸ್ಪೀಕರ್ ಬರುತ್ತದೆ. ಇದಕ್ಕೆ ಸೆಂಟರ್ ಚಾನೆಲ್ ಎನ್ನುತ್ತಾರೆ. 5.1ರಲ್ಲಿ ಇವುಗಳ ಜೊತೆಗೆ ನಮ್ಮ ಅಕ್ಕಪಕ್ಕ ಅಥವಾ ಸ್ವಲ್ಪ ಹಿಂದೆ ಇಡುವ ಎರಡು ಸರೌಂಡ್ ಸ್ಪೀಕರ್‌ಗಳಿರುತ್ತವೆ.

ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಸಬ್‌ವೂಫರ್ ಬಗ್ಗೆ. ಎದೆಗೆ ಬಡಿಯುವ ಬಾಸ್ ಅಲ್ಲಿಂದ ಬರುತ್ತದೆ, ನಿಜ. ಆದರೆ ಸಿನಿಮಾದ 5.1 ಧ್ವನಿಯಲ್ಲಿ ಪಾತ್ರಗಳ ಮಾತೆಲ್ಲ ಹೆಚ್ಚಾಗಿ ಬರುವುದು ಸೆಂಟರ್ ಚಾನೆಲ್‌ನಿಂದ. "ಹಾಡು ಜೋರು, ಮಾತು ಕೇಳಿಸಲ್ಲ" ಎಂಬುದು ನಿಮ್ಮ ಮನೆಯ ದೂರಾದರೆ, ಸಬ್‌ವೂಫರ್ ಅದಕ್ಕೆ ಮದ್ದಲ್ಲ. ಹಿಂದಿನ ಸ್ಪೀಕರ್‌ಗಳೂ ಅಲ್ಲ. ನಿಮಗೆ ಬೇಕಾದ್ದು ಒಳ್ಳೆಯ ಸೆಂಟರ್ ಸ್ಪೀಕರ್, ಅಥವಾ ಮಾತನ್ನು ಎತ್ತಿ ಕೊಡುವ ಸೌಲಭ್ಯ ಇರುವ ಸೌಂಡ್‌ಬಾರ್.

ಹೆಸರಿಗೆ ಮಾತ್ರ 5.1

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಐದು ಸ್ಪೀಕರ್ ಇದ್ದ ಮಾತ್ರಕ್ಕೆ ಅದು 5.1 ಆಗುವುದಿಲ್ಲ.

ನಾಲ್ಕೈದು ಸಾವಿರಕ್ಕೆ ಸಿಗುವ ಎಷ್ಟೋ ಸೆಟ್‌ಗಳ ಡಬ್ಬಿಯ ಮೇಲೆ ದೊಡ್ಡದಾಗಿ 5.1 ಎಂದು ಬರೆದಿರುತ್ತದೆ. ಹಿಂದೆ ತಿರುಗಿಸಿ ನೋಡಿದರೆ ಒಳಬರುವ ದಾರಿಗಳು ಮೂರೇ: ಬ್ಲೂಟೂತ್, ಆಕ್ಸ್, ಯುಎಸ್‌ಬಿ. ಬ್ಲೂಟೂತ್‌ನಲ್ಲಾಗಲಿ ಆಕ್ಸ್‌ನಲ್ಲಾಗಲಿ ಟಿವಿಯಿಂದ ಬರುವುದು ಎಡ ಮತ್ತು ಬಲ, ಎರಡೇ ಚಾನೆಲ್. ಒಳಗೆ ಎರಡು ಬಂದರೆ ಹೊರಗೆ ಐದು ಹೇಗೆ ಬರುತ್ತದೆ? ಸೆಟ್ ಅದೇ ಎರಡನ್ನು ನಕಲು ಮಾಡಿ ಐದು ಡಬ್ಬಿಗಳಿಗೂ ಹಂಚುತ್ತದೆ. ಮುಂದೆ ಕೇಳಿದ್ದೇ ಹಿಂದೆಯೂ ಕೇಳುತ್ತದೆ. ಕೋಣೆ ತುಂಬ ಶಬ್ದ ಆಗುತ್ತದೆ, ಆದರೆ ಸರೌಂಡ್ ಆಗುವುದಿಲ್ಲ. ಮದುವೆ ಮನೆಯಲ್ಲಿ ಹಾಡು ಹಾಕಲು ಅದು ಸಾಕು. ಸಿನಿಮಾದಲ್ಲಿ ಹಿಂದಿನಿಂದ ಕುದುರೆ ಬರುವ ಸದ್ದು ಅದರಲ್ಲಿ ಸಿಗುವುದಿಲ್ಲ.

ನಿಜವಾದ 5.1ಕ್ಕೆ ಎರಡು ಗುರುತುಗಳಿವೆ. ಒಂದು, ಸೆಟ್‌ನಲ್ಲಿ ಎಚ್‌ಡಿಎಂಐ ಎಆರ್‌ಸಿ ಅಥವಾ ಆಪ್ಟಿಕಲ್ ಎಂಬ ಕಿಂಡಿ ಇರಬೇಕು. ಎರಡು, ಡಾಲ್ಬಿ ಡಿಜಿಟಲ್ ಅಥವಾ ಡಾಲ್ಬಿ ಆಡಿಯೊ ಎಂದು ಸ್ಪಷ್ಟವಾಗಿ ನಮೂದಿಸಿರಬೇಕು. ಎರಡೂ ಇದ್ದು ಐದು ಬೇರೆ ಬೇರೆ ಸ್ಪೀಕರ್ ಚಾನೆಲ್ ಇದ್ದರೆ ಮಾತ್ರ ಅದು ಕೆಲಸದ ಸೆಟ್. ಸೌಂಡ್‌ಬಾರ್ ಆದರೆ ಮುಂದಿನ ಮೂರು ಚಾನೆಲ್ ಒಂದೇ ಉದ್ದನೆಯ ಪಟ್ಟಿಯಲ್ಲಿ ಇರುತ್ತವೆ. ಹಿಂದಿನ ಎರಡು ಬೇರೆಯಾಗಿರುತ್ತವೆ. ಸೋನಿಯ ಎಚ್‌ಟಿ-ಎಸ್20ಆರ್ ಈ ಬಗೆಯದು. ಅದರ ಹಿಂದಿನ ಸ್ಪೀಕರ್‌ಗಳಿಗೆ ತಂತಿ ಎಳೆಯಬೇಕು. ಝೆಬ್ರಾನಿಕ್ಸ್, ಬೋಟ್, ಎಫ್ ಅಂಡ್ ಡಿ ಮುಂತಾದ ಕಂಪನಿಗಳಲ್ಲಿ ಎರಡೂ ಬಗೆಯ ಸೆಟ್‌ಗಳಿವೆ. ಆದ್ದರಿಂದ ಕಂಪನಿ ಹೆಸರು ನೋಡಿ ನಿರ್ಧರಿಸಬೇಡಿ, ಆ ಮಾಡೆಲ್‌ನ ಹಿಂಭಾಗ ನೋಡಿ.

ಯಾವ ತಂತಿ?

ಟಿವಿ ಮತ್ತು ಸ್ಪೀಕರ್ ನಡುವೆ ನಾಲ್ಕು ದಾರಿಗಳಿವೆ.

ಬ್ಲೂಟೂತ್: ಸುಲಭ, ತಂತಿ ಬೇಡ. ಆದರೆ ಎರಡೇ ಚಾನೆಲ್. ಕೆಲವು ಸಲ ತುಟಿ ಮೊದಲು, ಮಾತು ಆಮೇಲೆ ಎನ್ನುವಂತೆ ಶಬ್ದ ತಡವಾಗುತ್ತದೆ.

ಆಕ್ಸ್: ಅಗ್ಗದ ತಂತಿ, ತಡ ಇಲ್ಲ. ಇದರಲ್ಲೂ ಎರಡೇ ಚಾನೆಲ್.

ಆಪ್ಟಿಕಲ್: ಬೆಳಕಿನ ಮೂಲಕ ಶಬ್ದದ ಮಾಹಿತಿ ಕಳಿಸುವ ತಂತಿ. ಡಾಲ್ಬಿ ಡಿಜಿಟಲ್ 5.1 ಇದರಲ್ಲಿ ಹೋಗುತ್ತದೆ. ಎಚ್‌ಡಿಎಂಐ ಎಆರ್‌ಸಿ ಇಲ್ಲದ ಹಳೆಯ ಟಿವಿಗೆ ಒಳ್ಳೆಯದು.

ಎಚ್‌ಡಿಎಂಐ ಎಆರ್‌ಸಿ: 2009ರಲ್ಲಿ ಬಂದ ಎಚ್‌ಡಿಎಂಐ 1.4ರ ಜೊತೆಗೆ ಶುರುವಾದ ಸೌಲಭ್ಯ. ಇದರಲ್ಲಿ 5.1 ಹೋಗುತ್ತದೆ. ಟಿವಿ ರಿಮೋಟ್‌ನಿಂದಲೇ ಸ್ಪೀಕರ್‌ನ ವಾಲ್ಯೂಮ್ ಏರಿಸಿ ಇಳಿಸಬಹುದು. ಮನೆಯಲ್ಲಿ ಹಿರಿಯರಿದ್ದರೆ ಈ ಒಂದು ಅನುಕೂಲವೇ ದೊಡ್ಡದು, ಎರಡು ರಿಮೋಟ್‌ಗಳ ತಲೆನೋವು ತಪ್ಪುತ್ತದೆ. ಟಿವಿಯಲ್ಲಿ ಎಲ್ಲ ಎಚ್‌ಡಿಎಂಐ ಕಿಂಡಿಗಳೂ ಎಆರ್‌ಸಿ ಅಲ್ಲ. ಯಾವುದರ ಪಕ್ಕ ಆ ಅಕ್ಷರಗಳಿವೆಯೋ ಅದಕ್ಕೇ ಚುಚ್ಚಬೇಕು.

ತಂತಿ ಸರಿ ಇದ್ದರೂ ಟಿವಿಯ ಒಳಗಿನ ಒಂದು ಸೆಟ್ಟಿಂಗ್ ಎಲ್ಲವನ್ನೂ ಹಾಳು ಮಾಡಬಹುದು. ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ 'ಪಿಸಿಎಂ' ಎಂದಿದ್ದರೆ ಆಪ್ಟಿಕಲ್ ಮತ್ತು ಎಆರ್‌ಸಿಯಲ್ಲಿ ಎರಡೇ ಚಾನೆಲ್ ಹೊರಬರುತ್ತದೆ. ಅದನ್ನು 'ಆಟೋ', 'ಬಿಟ್‌ಸ್ಟ್ರೀಮ್' ಅಥವಾ 'ಪಾಸ್ ಥ್ರೂ' ಎಂದು ಬದಲಾಯಿಸಬೇಕು. ಹದಿನೈದು ಸಾವಿರದ ಸೆಟ್ ತಂದು, ಈ ಒಂದು ಸಾಲು ಬದಲಿಸದೆ ಎರಡು ಚಾನೆಲ್‌ನಲ್ಲೇ ವರ್ಷಗಟ್ಟಲೆ ನೋಡುವ ಮನೆಗಳಿವೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಮೊದಲಿನದು: ನೀವು ನೋಡುವುದೇನು? ಧಾರಾವಾಹಿ, ವಾರ್ತೆ, ಯೂಟ್ಯೂಬ್ ಇವುಗಳಲ್ಲಿ ಬಹುಪಾಲು ಎರಡೇ ಚಾನೆಲ್. 5.1 ಸಿಗುವುದು ಹೆಚ್ಚಾಗಿ ಒಟಿಟಿ ಸಿನಿಮಾಗಳಲ್ಲಿ, ಅದೂ ಆ ಚಿತ್ರಕ್ಕೆ, ನಿಮ್ಮ ಪ್ಲಾನ್‌ಗೆ, ನಿಮ್ಮ ಟಿವಿಗೆ ಆ ಸೌಲಭ್ಯ ಇದ್ದರೆ. ಒಂದು ವಾರ ಮನೆಯಲ್ಲಿ ಏನೇನು ನೋಡಿದಿರಿ ಎಂದು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಿ. ವಾರಕ್ಕೆ ಒಂದು ಸಿನಿಮಾ, ಉಳಿದದ್ದೆಲ್ಲ ಧಾರಾವಾಹಿ ಮತ್ತು ಕ್ರಿಕೆಟ್ ಆದರೆ, ಒಳ್ಳೆಯ 2.1 ಅಥವಾ 3.1 ತರುವುದೇ ಜಾಣತನ.

ವ್ಯಾಟ್ ಎಂಬ ಜಾಹೀರಾತು

ಕೆಲವು ಡಬ್ಬಿಗಳ ಮೇಲೆ "5000 ವ್ಯಾಟ್ ಪಿಎಂಪಿಒ" ಎಂದಿರುತ್ತದೆ. ಪಿಎಂಪಿಒ ಎಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತಿಗೆ ಸಿಗಬಹುದಾದ ಕಾಲ್ಪನಿಕ ಗರಿಷ್ಠ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ನೀವು ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಸ್ಪೀಕರ್ ಸತತವಾಗಿ ಕೊಡಬಲ್ಲ ಶಕ್ತಿ.

ಆರ್‌ಎಂಎಸ್ ಅಂಕಿಯನ್ನೂ ಪರೀಕ್ಷಿಸಲು ಒಂದು ಸುಲಭ ಲೆಕ್ಕವಿದೆ. ಸೆಟ್ ಅಡಾಪ್ಟರ್‌ನಿಂದ ನಡೆಯುವುದಾದರೆ ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಗುಣಿಸಿ. 18 ವೋಲ್ಟ್, 2 ಆಂಪಿಯರ್ ಎಂದಿದ್ದರೆ 36 ವ್ಯಾಟ್. ಒಳಗೆ 36 ವ್ಯಾಟ್ ಹೋಗುವ ಸೆಟ್ ಹೊರಗೆ ಸತತವಾಗಿ 120 ವ್ಯಾಟ್ ಕೊಡಲು ಸಾಧ್ಯವಿಲ್ಲ. ಆದಾಯಕ್ಕಿಂತ ಹೆಚ್ಚು ಖರ್ಚು ತೋರಿಸಿದ ಲೆಕ್ಕದ ಹಾಗೆ ಅದು, ಎಲ್ಲೋ ಒಂದು ಕಡೆ ಸುಳ್ಳಿದೆ.

ವ್ಯಾಟ್ ಎರಡರಷ್ಟಾದರೆ ಶಬ್ದ ಎರಡರಷ್ಟಾಗುವುದಿಲ್ಲ ಎಂಬುದೂ ಗೊತ್ತಿರಲಿ. 100ರಿಂದ 200 ವ್ಯಾಟ್‌ಗೆ ಹೋದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಎನ್ನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಹತ್ತಡಿ ಹನ್ನೆರಡಡಿ ಹಾಲ್‌ಗೆ ನಿಜವಾದ 60ರಿಂದ 100 ವ್ಯಾಟ್ ಧಾರಾಳವಾಯಿತು.

ಹಾಲ್ ಅಳೆಯಿರಿ

ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಹಾಲ್ ಅಳೆಯಿರಿ. ನೀವು ಕೂರುವ ಜಾಗದಿಂದ ಟಿವಿ ಏಳು ಅಡಿ ದೂರ ಇದ್ದರೆ ಎಡ ಮತ್ತು ಬಲ ಸ್ಪೀಕರ್‌ಗಳ ನಡುವೆಯೂ ಏಳು ಅಡಿ ಇರುವುದು ಒಳ್ಳೆಯದು. ಮೂರೂ ಸೇರಿ ಸಮಬಾಹು ತ್ರಿಕೋನ ಆಗಬೇಕು. ಸರೌಂಡ್ ಸ್ಪೀಕರ್‌ಗಳು ನಮ್ಮ ಎರಡೂ ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ, ಕಿವಿಗಿಂತ ಒಂದೆರಡು ಅಡಿ ಮೇಲೆ ಇರಬೇಕು.

ನಮ್ಮ ಕಡೆಯ ಮನೆಗಳಲ್ಲಿ ಕಷ್ಟ ಇಲ್ಲೇ ಬರುವುದು. ದಿವಾನ್ ಗೋಡೆಗೆ ತಾಗಿರುತ್ತದೆ, ಹಿಂದೆ ಜಾಗವೇ ಇಲ್ಲ. ಒಂದು ಪಕ್ಕ ಬಾಗಿಲು, ಇನ್ನೊಂದು ಪಕ್ಕ ಬೀರು. ತಂತಿ ಬಾಗಿಲ ಮೇಲೆ ಹಾಯಬೇಕು. ಇಂಥ ಹಾಲ್‌ನಲ್ಲಿ ಸರೌಂಡ್ ಸ್ಪೀಕರ್‌ಗಳನ್ನು ಪಕ್ಕದ ಗೋಡೆಗೆ ಹಾಕಬಹುದು. ಅದೂ ಆಗದಿದ್ದರೆ ಎರಡನ್ನೂ ಟಿವಿ ಪಕ್ಕದಲ್ಲೇ ಸಾಲಾಗಿ ನಿಲ್ಲಿಸಲು 5.1ಕ್ಕೆ ದುಡ್ಡು ಕೊಡಬೇಡಿ. 3.1 ತನ್ನಿ.

ಟೈಲ್ಸ್ ನೆಲ, ಖಾಲಿ ಗೋಡೆ ಇರುವ ಹಾಲ್‌ನಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ನೋಡಿ. ಟಣ್ ಎಂದು ಗುಂಯ್‌ಗುಟ್ಟಿದರೆ ಯಾವ ಸ್ಪೀಕರ್ ತಂದರೂ ಮಾತು ಕಲಸಿಹೋಗುತ್ತದೆ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿದರೆ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ಬಹಳ ಮನೆಗಳಲ್ಲಿ ಇವೆರಡೂ ಆಗಲೇ ಇರುತ್ತವೆ, ಕಪಾಟಿನಲ್ಲಿ ಮಡಿಸಿಟ್ಟಿರುತ್ತಾರೆ ಅಷ್ಟೇ.

ಸ್ಪೀಕರ್‌ನಿಂದ ಆಗದ ಕೆಲಸ

ನಮ್ಮ ಮನೆಯಲ್ಲಿ ಈ ಮಾತು ಎದ್ದದ್ದು ದಾದಿಯಿಂದ. ಅವರು ರಾಮನಗರದಲ್ಲಿ ರೇಷ್ಮೆ ಹುರಿ ಮಾಡುವ ಯೂನಿಟ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದವರು. ಅಲ್ಲಿ ಯಂತ್ರ ತಿರುಗುತ್ತಿದ್ದರೆ ಪಕ್ಕದಲ್ಲಿ ನಿಂತವರ ಜೊತೆಗೂ ಕೂಗಿಯೇ ಮಾತಾಡಬೇಕು. ಟಿವಿ ಮುಂದೆ ಕೂತಾಗ ಅವರು ಹೇಳುವುದು ಒಂದೇ ಮಾತು: "ಆವಾಜ್ ಆತೀ, ಬಾತ್ ಸಮಜ್ ನೈ ಆತೀ." ಶಬ್ದ ಬರುತ್ತದೆ, ಮಾತು ಅರ್ಥವಾಗುವುದಿಲ್ಲ. ವಾಲ್ಯೂಮ್ ಏರಿಸಿದರೆ ಅಮ್ಮಿಗೆ ತಲೆನೋವು, ತಮ್ಮನಿಗೆ ಓದಲಾಗದು. ಅದಕ್ಕೇ ಅಬ್ಬು 5.1 ಹೋಮ್ ಥಿಯೇಟರ್‌ಗೆಂದು ಹದಿನಾಲ್ಕು ಸಾವಿರ ಎತ್ತಿಟ್ಟಿದ್ದರು.

ದಾದಿಯ ಆ ಒಂದು ವಾಕ್ಯದಲ್ಲಿ ವಿಜ್ಞಾನವಿದೆ. ಅ, ಆ, ಓ ಮುಂತಾದ ಸ್ವರಗಳ ಶಕ್ತಿ ತಗ್ಗಿನ ಕಂಪನಗಳಲ್ಲಿರುತ್ತದೆ. ಸ, ಶ, ತ, ಕ ಮುಂತಾದ ವ್ಯಂಜನಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಬೇಕಾದ್ದು 2000 ಹರ್ಟ್ಸ್‌ಗಿಂತ ಮೇಲಿನ ತೀಕ್ಷ್ಣ ಶಬ್ದ. ವಯಸ್ಸಾದಾಗ ಕಿವಿ ಮೊದಲು ಕಳೆದುಕೊಳ್ಳುವುದು ಈ ತೀಕ್ಷ್ಣ ಶಬ್ದವನ್ನೇ. ಯಂತ್ರಗಳ ಸದ್ದಿನಲ್ಲಿ ದುಡಿದವರಿಗೆ 4000 ಹರ್ಟ್ಸ್ ಸುತ್ತಮುತ್ತ ಮೊದಲು ಪೆಟ್ಟು ಬೀಳುತ್ತದೆ. ಹಾಗಾದಾಗ ಸ್ವರ ಕೇಳುತ್ತದೆ, ವ್ಯಂಜನ ಜಾರುತ್ತದೆ. 'ಸಾಲು', 'ಕಾಲು', 'ಹಾಲು' ಎಲ್ಲ ಒಂದೇ ಆಗುತ್ತವೆ. ಈ ಕಿವಿಗೆ ಸಬ್‌ವೂಫರ್ ತಂದರೆ ಕೇಳುವುದನ್ನೇ ಇನ್ನಷ್ಟು ಕೇಳಿಸಿದ ಹಾಗೆ, ಕೇಳದ್ದು ಕೇಳದೇ ಉಳಿಯುತ್ತದೆ.

ಆದ್ದರಿಂದ ನಾನು ಹಾಕಿದ ಲೆಕ್ಕದಲ್ಲಿ ಮೊದಲ ಸಾಲು ಸ್ಪೀಕರ್ ಆಗಿರಲಿಲ್ಲ, ಕಿವಿ ಪರೀಕ್ಷೆ ಆಗಿತ್ತು. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಕಿವಿ-ಮೂಗು-ಗಂಟಲು ವಿಭಾಗ ಇರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬಿಡದಿಯಿಂದ ಮೈಸೂರು ರೈಲು ಹತ್ತಿದರೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ದಾದಿ ಮೊದಲು ಒಪ್ಪಲಿಲ್ಲ. "ನನ್ನ ಕಿವಿ ಸರಿ ಇದೆ, ಟಿವಿಯೇ ಸರಿ ಇಲ್ಲ" ಎಂದರು. ಪರೀಕ್ಷೆಯಲ್ಲಿ ಎರಡೂ ಕಿವಿಗೆ ತೀಕ್ಷ್ಣ ಶಬ್ದ ಕಡಿಮೆ ಕೇಳುತ್ತದೆ ಎಂದು ಗೊತ್ತಾಯಿತು. ಶ್ರವಣ ಸಾಧನ ಹಾಕಿಕೊಳ್ಳಲು ಹೇಳಿದರು.

ಹದಿನಾಲ್ಕು ಸಾವಿರದ ಲೆಕ್ಕ ಆಮೇಲೆ ಬೇರೆಯಾಯಿತು. ಮಾತನ್ನು ಸ್ಪಷ್ಟ ಮಾಡುವ ಬಟನ್ ಇರುವ, ಎಆರ್‌ಸಿ ಇರುವ ಒಂದು ಸಾಧಾರಣ 2.1 ಸೌಂಡ್‌ಬಾರ್‌ಗೆ ಐದೂವರೆ ಸಾವಿರ. ಉಳಿದ ಎಂಟೂವರೆ ಸಾವಿರ ಶ್ರವಣ ಸಾಧನಕ್ಕೆ. ಇದರ ಜೊತೆಗೆ ಖರ್ಚಿಲ್ಲದ ಒಂದು ಕೆಲಸ ಮಾಡಿದೆವು. ದಾದಿಯ ಕುರ್ಚಿಯನ್ನು ಹನ್ನೆರಡು ಅಡಿಯಿಂದ ಆರು ಅಡಿಗೆ ತಂದೆವು. ದೂರ ಅರ್ಧವಾದರೆ ಬಯಲಿನಲ್ಲಿ ಶಬ್ದ 6 ಡೆಸಿಬೆಲ್ ಏರುತ್ತದೆ. ಕೋಣೆಯೊಳಗೆ ಅಷ್ಟು ಇಲ್ಲದಿದ್ದರೂ ಗೋಡೆಯ ಪ್ರತಿಧ್ವನಿಗಿಂತ ನೇರ ಮಾತು ಹೆಚ್ಚು ಸಿಗುತ್ತದೆ.

ನನ್ನ ತಮ್ಮನಿಗೆ 5.1 ಬರಲಿಲ್ಲ ಎಂಬ ಬೇಸರ ಈಗಲೂ ಇದೆ. ಅವನ ಆಸೆ ತಪ್ಪಲ್ಲ. ಆದರೆ ಮನೆಯ ಒಂದು ದುಡ್ಡಿಗೆ ಎರಡು ಕೆಲಸ ಕಾದಿರುವಾಗ ಯಾವುದು ಮೊದಲು ಎಂದು ಕೇಳಲೇಬೇಕು. ನಮ್ಮ ಎಕನಾಮಿಕ್ಸ್ ಪುಸ್ತಕದಲ್ಲಿ ಇದಕ್ಕೆ 'ಅವಕಾಶ ವೆಚ್ಚ' ಎಂಬ ಹೆಸರಿದೆ. ಒಂದನ್ನು ಆರಿಸಿದಾಗ ಬಿಟ್ಟುಕೊಟ್ಟ ಇನ್ನೊಂದರ ಬೆಲೆ ಅದು.

ಹಣದ ಲೆಕ್ಕ

ಬೆಲೆಗಳು ಹಬ್ಬದ ಸೇಲ್, ಮಾಡೆಲ್ ನೋಡಿಕೊಂಡು ಏರಿಳಿಯುತ್ತವೆ. ಅಂದಾಜಿಗೆ ಹೀಗೆ ಇಟ್ಟುಕೊಳ್ಳಿ: ಸಣ್ಣ 2.1 ಸ್ಪೀಕರ್ ಸೆಟ್ 2,000ದಿಂದ 4,000 ರೂ., ಸಬ್‌ವೂಫರ್ ಇರುವ 2.1 ಸೌಂಡ್‌ಬಾರ್ 4,000ದಿಂದ 8,000 ರೂ., ನಿಜವಾದ ಡಾಲ್ಬಿ 5.1 ಸೆಟ್ 10,000ದಿಂದ 20,000 ರೂ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಚೌಕಾಸಿಗೆ ಅವಕಾಶವಿದೆ. ಆದರೆ ರೈಲು, ಆಟೋ ಖರ್ಚು ಮತ್ತು ಕೆಟ್ಟರೆ ಮತ್ತೆ ಹೊತ್ತುಕೊಂಡು ಹೋಗುವ ಕಷ್ಟವನ್ನೂ ಬೆಲೆಗೆ ಸೇರಿಸಿ. ಐನೂರು ರೂಪಾಯಿ ಉಳಿಸಲು ಬಿಡದಿಯ ಅಂಗಡಿ ಬಿಟ್ಟು ಹೋಗುವುದರಲ್ಲಿ ಲಾಭವಿಲ್ಲ.

ಸೆಟ್‌ನ ಬೆಲೆಯೇ ಕೊನೆಯಲ್ಲ. ಎಚ್‌ಡಿಎಂಐ ತಂತಿ, ಸ್ಪೈಕ್ ಗಾರ್ಡ್, ಗೋಡೆಗೆ ಮೊಳೆ ಸ್ಟ್ಯಾಂಡ್ ಸೇರಿ ಇನ್ನೊಂದು ಸಾವಿರ ಬೇಕು. ಕರೆಂಟ್ ಹೋಗಿ ಬರುವ ನಮ್ಮ ಹಳ್ಳಿಗಳಲ್ಲಿ ಸ್ಪೈಕ್ ಗಾರ್ಡ್ ಶೋಕಿಯಲ್ಲ. ಕರೆಂಟ್ ಬಿಲ್ ಬಗ್ಗೆ ಮಾತ್ರ ಹೆದರಬೇಡಿ. 40 ವ್ಯಾಟ್ ಎಳೆಯುವ ಸೆಟ್ ದಿನಕ್ಕೆ 4 ಗಂಟೆ ಓಡಿದರೆ ತಿಂಗಳಿಗೆ 4.8 ಯೂನಿಟ್. ಯೂನಿಟ್‌ಗೆ 6 ರೂ. ಹಿಡಿದರೂ 30 ರೂ. ಒಳಗೆ.

ಸವಕಳಿ ಲೆಕ್ಕವನ್ನೂ ಹಾಕಿ ನೋಡಿ. 12,000 ರೂ. ಸೆಟ್ ಐದು ವರ್ಷ ಬಾಳಿ, ಕೊನೆಗೆ 2,000ಕ್ಕೆ ಹೋದರೆ ವರ್ಷಕ್ಕೆ 2,000 ರೂ. ಸವಕಳಿ. 4,500 ರೂ. ಸೆಟ್ ಒಂದೂವರೆ ವರ್ಷಕ್ಕೆ ಕೆಟ್ಟು ಗುಜರಿಗೆ ಹೋದರೆ ವರ್ಷಕ್ಕೆ 3,000 ರೂ. ಅಗ್ಗದ್ದು ಯಾವುದು ಎಂದು ನೀವೇ ಹೇಳಿ.

ಈಗ 'ನೋ ಕಾಸ್ಟ್ ಇಎಂಐ'. ಒಂದು ಸೆಟ್‌ಗೆ ನಗದು ಕೊಟ್ಟರೆ 11,000 ರೂ., ಕಂತಿನಲ್ಲಾದರೆ ತಿಂಗಳಿಗೆ 2,000ದಂತೆ ಆರು ಕಂತು, ಪ್ರೊಸೆಸಿಂಗ್ ಶುಲ್ಕ 200 ಮತ್ತು ಅದರ ಮೇಲೆ ಶೇ. 18 ಜಿಎಸ್‌ಟಿ 36 ಎಂದುಕೊಳ್ಳಿ. ಒಟ್ಟು 12,236 ರೂ. ನಗದಿಗಿಂತ 1,236 ರೂ. ಹೆಚ್ಚು. ಶೇ. 11 ಅಷ್ಟೇ ಎನ್ನಿಸಬಹುದು. ಆದರೆ ಸಾಲ ಪ್ರತಿ ತಿಂಗಳೂ ಕರಗುತ್ತದೆ, ಪೂರ್ತಿ 11,000 ನಿಮ್ಮ ಬಳಿ ಆರು ತಿಂಗಳು ಇರುವುದಿಲ್ಲ. ಅದನ್ನು ಸೇರಿಸಿ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಶೇ. 38 ಬಡ್ಡಿ ಬೀಳುತ್ತದೆ. ಬಡ್ಡಿಯೇ ಇಲ್ಲದ ಸಾಲ ಎಂಬುದು ನಿಜದಲ್ಲಿ ಇಲ್ಲ, ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಅಡಗಿಸಬಾರದು ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಗದು ಬೆಲೆ ಎಷ್ಟು ಎಂದು ಮೊದಲು ಕೇಳಿ, ಆಮೇಲೆ ಕಂತಿನ ಮಾತಾಡಿ. ಆರು ತಿಂಗಳು ಕೂಡಿಟ್ಟು ತಂದರೆ ಅದೇ ಸೆಟ್, ಸಾಲವಿಲ್ಲದೆ.

ಹಳೆಯ ಡಿವಿಡಿ ಕಾಲದ 5.1 ಸೆಟ್ ಅಟ್ಟದ ಮೇಲಿದ್ದರೆ ಗುಜರಿಗೆ ಹಾಕುವ ಮೊದಲು ಹಿಂಭಾಗ ನೋಡಿ. ಆರು ಬಣ್ಣದ ಪಿನ್ ಕಿಂಡಿಗಳಿದ್ದರೆ, ಟಿವಿಯ ಆಪ್ಟಿಕಲ್ ಶಬ್ದವನ್ನು ಆರು ಪಿನ್‌ಗೆ ಒಡೆದು ಕೊಡುವ ಡಿಕೋಡರ್ ಡಬ್ಬಿ ಸಿಗುತ್ತದೆ. ಹೊಸ ಸೆಟ್‌ಗಿಂತ ಬಹಳ ಕಡಿಮೆ ಖರ್ಚಿನಲ್ಲಿ ನಿಜವಾದ 5.1 ಆಗುತ್ತದೆ.

ಅಂಗಡಿಯಲ್ಲಿ ನಿಂತಾಗ

ನಾನು ಮಾಮೂ ಜೊತೆ ಒಂದು ಅಂಗಡಿಗೆ ಹೋದಾಗ ಅಂಗಡಿಯವರು ಮೊದಲು ಡಿಜೆ ಹಾಡು ಹಾಕಿದರು. "ನೋಡಮ್ಮ, ಹೆಂಗೈತೆ ಬಾಸು!" ಎಂದರು. ಮಾಮೂ ನಿಧಾನವಾಗಿ, "ಅಣ್ಣಾ, ವಾರ್ತೆ ಹಾಕಿ" ಎಂದರು. ವಾರ್ತೆ ಹಾಕಿದ ಮೇಲೆ ಎರಡು ಸೆಟ್‌ಗಳ ವ್ಯತ್ಯಾಸ ಗೊತ್ತಾಯಿತು. ಬಾಸ್ ಜೋರಿದ್ದ ಸೆಟ್‌ನಲ್ಲಿ ವಾರ್ತೆ ಓದುವವರು ಮಡಕೆಯೊಳಗೆ ಕೂತು ಮಾತಾಡಿದ ಹಾಗಿತ್ತು. ನೀವೂ ಹೀಗೇ ಪರೀಕ್ಷಿಸಿ:

1. ಮೊದಲು ವಾರ್ತೆ, ಆಮೇಲೆ ಸಿನಿಮಾ, ಕೊನೆಗೆ ಹಾಡು ಕೇಳಿ.

2. 5.1 ಎಂದರೆ, ಎಡ, ನಡು, ಬಲ, ಹಿಂದೆ ಎಂದು ಒಂದೊಂದೇ ಸ್ಪೀಕರನ್ನು ಪರೀಕ್ಷಿಸುವ ಕ್ಲಿಪ್ ಹಾಕಲು ಹೇಳಿ. ಹಿಂದಿನ ಸ್ಪೀಕರ್‌ಗೆ ಕಿವಿಯಿಡಿ. ಮುಂದಿನ ಮಾತೇ ಅಲ್ಲೂ ಬಂದರೆ ಅದು ನಕಲು.

3. ಎಆರ್‌ಸಿ ಅಥವಾ ಆಪ್ಟಿಕಲ್ ಇದೆಯೇ ಎಂದು ಕಣ್ಣಾರೆ ನೋಡಿ. ನಿಮ್ಮ ಟಿವಿಯ ಹಿಂಭಾಗದ ಫೋಟೋ ಫೋನ್‌ನಲ್ಲಿ ತೆಗೆದುಕೊಂಡು ಹೋಗಿ.

4. ಆರ್‌ಎಂಎಸ್ ಎಷ್ಟು, ಅಡಾಪ್ಟರ್ ಮೇಲೆ ಏನಿದೆ, ಹೋಲಿಸಿ.

5. ಬ್ಲೂಟೂತ್ ಸ್ಪೀಕರ್ ಮತ್ತು ಅಡಾಪ್ಟರ್ ಮೇಲೆ ಬಿಐಎಸ್ ಗುರುತು, 'ಆರ್-' ಎಂದು ಶುರುವಾಗುವ ನೋಂದಣಿ ಸಂಖ್ಯೆ ಹುಡುಕಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಪರಿಶೀಲಿಸಬಹುದು.

6. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. "ಬಿಲ್ ಬೇಕಾದರೆ ಜಿಎಸ್‌ಟಿ ಬೇರೆ" ಎಂದು ಎಂಆರ್‌ಪಿ ಮೇಲೆ ಕೇಳುವಂತಿಲ್ಲ. ಬಿಲ್ ಇಲ್ಲದೆ ತರಬೇಡಿ, ಬಿಲ್ ಇಲ್ಲದಿದ್ದರೆ ವಾರಂಟಿ ಕೇಳುವುದು ಕಷ್ಟ. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

7. ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಕೇಳಿ. ರಾಮನಗರದಲ್ಲಿದೆಯೋ, ಬೆಂಗಳೂರಿಗೇ ಒಯ್ಯಬೇಕೋ?

ಕೊನೆಯದಾಗಿ ಒಂದು ಮಾತು. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಪಕ್ಕದ ಮನೆಯ ಗೋಡೆಯೇ ನಮ್ಮ ಗೋಡೆ. ದಪ್ಪ ಬಾಸ್ ಶಬ್ದ ಗೋಡೆ ದಾಟುವಷ್ಟು ಸುಲಭವಾಗಿ ಮಾತಿನ ಶಬ್ದ ದಾಟುವುದಿಲ್ಲ. ನಿಮಗೆ ಸಿನಿಮಾ ಕೇಳಿದರೆ ಅವರಿಗೆ ಬರೀ ಧಡ್ ಧಡ್ ಕೇಳುತ್ತದೆ. ಬಿಡದಿಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು ನಮ್ಮ ಬೀದಿಗಳಲ್ಲಿದ್ದಾರೆ. ಪರೀಕ್ಷೆಗೆ ಓದುವವರಿದ್ದಾರೆ. ಕಾನೂನು ಕೂಡ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಇಟ್ಟಿದೆ. ಸಬ್‌ವೂಫರನ್ನು ಪಕ್ಕದ ಮನೆಯ ಗೋಡೆಯಿಂದ ದೂರ ಇಡಿ, ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ರಾತ್ರಿ 'ನೈಟ್ ಮೋಡ್' ಬಳಸಿ.

ಒಳ್ಳೆಯ ಧ್ವನಿ ಬೇಕು ಎಂಬ ಆಸೆ ಎಲ್ಲರದ್ದೂ. ಹಾಲ್ ಎಷ್ಟು ದೊಡ್ಡದು, ನೋಡುವುದೇನು, ಕೇಳುವವರು ಯಾರು, ಕೈಯಲ್ಲಿ ಎಷ್ಟಿದೆ: ಈ ನಾಲ್ಕಕ್ಕೆ ಉತ್ತರ ಬರೆದುಕೊಂಡು ಅಂಗಡಿಯ ಮೆಟ್ಟಿಲು ಹತ್ತಿ. ಆಗ ಡಬ್ಬಿಯ ಮೇಲಿನ ದೊಡ್ಡ ಅಂಕಿಗಳು ನಿಮ್ಮನ್ನು ಹೆದರಿಸುವುದಿಲ್ಲ, ಮರುಳು ಮಾಡುವುದೂ ಇಲ್ಲ.